ಸೂಜಿ ಆಂಟಿಯ ಸಹಿ

ಅವರ ಎಡಗೈಯ ಹಿಂಭಾಗದಲ್ಲಿ ಯಾವಾಗಲೂ ಟೇಪಿನ ಐದಾರು ತುಂಡುಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಕಾಮಾಕ್ಷಿಪಾಳ್ಯದ ನಮ್ಮ ಗಾರ್ಮೆಂಟ್ಸಿನಲ್ಲಿ ಹೊಸ ಸೂಜಿ ಕೊಡುವ ಕೆಲಸ ಅವರದು. ಮಕ್ಕಳ ಫ್ರಾಕು ಹೊಲಿಯುವಾಗ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ತಂದು ಅವರ ಮುಂದಿಡಬೇಕು. ಅವರು ಜೋಡಿಸಿ ನೋಡಿ, ಪುಸ್ತಕಕ್ಕೆ ಅಂಟಿಸಿ, ಸಹಿ ಮಾಡಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಮಿಷನ್ನುಗಳ ಇಡೀ ಲೈನು ನಿಲ್ಲಿಸಿ ಬಟ್ಟೆಯನ್ನೆಲ್ಲ ಜಾಲಾಡಬೇಕು. ಪುಸ್ತಕದಲ್ಲಿ ಲೈನಿನ ನಂಬರು ಮಾತ್ರ ಇರುತ್ತಿತ್ತು, ಹೊಲಿದವರ ಹೆಸರಲ್ಲ. ಜವಾಬ್ದಾರಿ ಸಹಿ ಮಾಡಿದವರದು. ನಾವೆಲ್ಲ ಅವರನ್ನು ಸೂಜಿ ಆಂಟಿ ಎನ್ನುತ್ತಿದ್ದೆವು.

ನನಗೆ ಅವರ ಮೇಲೆ ಮೊದಲಿನಿಂದಲೂ ಅನುಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವಳು ನಾನು. ಶನಿವಾರ ಸಂಜೆ ಅವರು ಚರ್ಚಿಗೆ ಹೋಗಿ ಫಾದರ್ ಹತ್ತಿರ ಪಾಪ ಒಪ್ಪಿಕೊಂಡು ಬರುತ್ತಿದ್ದರು. ವಾರವೆಲ್ಲ ಏನು ಮಾಡಿದರೂ ಶನಿವಾರ ಕೈ ತೊಳೆದುಕೊಳ್ಳಬಹುದು, ಒಳ್ಳೆಯ ಅನುಕೂಲ ಎಂದು ಊಟದ ಹೊತ್ತಿನಲ್ಲಿ ಒಮ್ಮೆ ಕೆಣಕಿದೆ. ಅವರು ಚಿತ್ರಾನ್ನದ ಡಬ್ಬಿಯನ್ನು ನನ್ನತ್ತ ತಳ್ಳಿದರು.

"ಹಂಗಲ್ಲ ಕಣೇ. ಅಲ್ಲಿ ಮೂರು ಪ್ರಶ್ನೆ ಇದೆ. ತಪ್ಪು ದೊಡ್ಡದಾ? ತಪ್ಪು ಅಂತ ಗೊತ್ತಿತ್ತಾ? ಯಾರೂ ಬಲವಂತ ಮಾಡ್ದೆ ನೀನೇ ಮಾಡಿದ್ಯಾ? ಮೂರಕ್ಕೂ ಹೌದು ಅಂದ್ರೆ ಜಾರ್ಕೊಳೋಕಾಗಲ್ಲ. ಹೇಳಿದ್ ಮೇಲೆ ಸರಿ ಮಾಡ್ಲೂ ಬೇಕು."

"ದೇವರೇ ತಡೀಬಹುದಲ್ಲ ಆಂಟಿ?"

"ತಡೆದ್ರೆ ನಿಂಗೂ ನಿನ್ ಮಿಷನ್ನಿಗೂ ಏನ್ ವ್ಯತ್ಯಾಸ?"

ಒಂದು ಗುರುವಾರ ನನ್ನ ಸೂಜಿ ಮುರಿಯಿತು. ಮೊನೆ ಸಿಗಲಿಲ್ಲ. ಟಾರ್ಗೆಟ್ ಮುಗಿಸಲಿಲ್ಲವೆಂದು ಹಿಂದಿನ ದಿನವಷ್ಟೇ ಎಲ್ಲರೆದುರು ಬೈಸಿಕೊಂಡು ಅತ್ತಿದ್ದೆ. ಇಂಥ ಹೊತ್ತಿಗೆಂದೇ ನಾವು ಕೆಲವರು ಹಳೆಯ ಮೊನೆಯೊಂದನ್ನು ಸೋಪಿನ ಚೂರಿಗೆ ಚುಚ್ಚಿ ಇಟ್ಟುಕೊಂಡಿರುತ್ತಿದ್ದೆವು. ಅದನ್ನೇ ಕೊಟ್ಟೆ. ಅದು ಬೇರೆ ನಂಬರಿನ ಸೂಜಿಯದು, ತೆಳ್ಳಗಿತ್ತು. ಆಂಟಿ ಜೋಡಿಸಿ ನೋಡಿದರು, ನನ್ನ ಮುಖ ನೋಡಿದರು.

"ಎಲ್ಲಾ ಸಿಕ್ತಾ?"

"ಸಿಕ್ತು ಆಂಟಿ."

ಅಂಟಿಸಿ ಸಹಿ ಮಾಡಿದರು. ನನ್ನ ಜುಟ್ಟು ಅವರ ಕೈಗೆ ಸಿಕ್ಕಿತು ಎಂದುಕೊಂಡೆ. ಆಮೇಲೆ ಅವರು ಮ್ಯಾನೇಜರನ್ನು ಟೈಮು ಕೇಳಿದರೂ ನಾನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸೋಮವಾರ ಅವರು ನೇರವಾಗಿ ಮ್ಯಾನೇಜರ್ ಮೇಜಿಗೆ ಹೋದರು. "ಗುರುವಾರದ ಬಂಡಲ್ ಬಿಚ್ಚಿಸಿ ಸಾರ್. ಚೂರು ಬೇರೇದು ಅಂತ ಗೊತ್ತಿದ್ದೂ ಸಹಿ ಮಾಡಿದೀನಿ."

ಮೊನೆ ಒಂದು ವರ್ಷದ ಮಗುವಿನ ಫ್ರಾಕಿನ ಕಾಲರಿನೊಳಗೆ ಸಿಕ್ಕಿತು. ಯಾರ ಸೂಜಿ ಎಂದು ಮ್ಯಾನೇಜರ್ ನಾಲ್ಕು ಸಲ ಕೇಳಿದರು. "ಸಹಿ ನಂದು ಸಾರ್" ಎಂದರೇ ಹೊರತು ಆಂಟಿ ಬೇರೆ ಮಾತಾಡಲಿಲ್ಲ. ನಾನು ತಲೆ ತಗ್ಗಿಸಿ ಹೊಲಿಯುತ್ತಿದ್ದೆ. ಅವರನ್ನು ಕೆಳಗಿಳಿಸಿ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು.

ಸಂಜೆ ಆಂಟಿಯನ್ನು ಬಸ್‌ಸ್ಟಾಪಿನಲ್ಲಿ ಹಿಡಿದು ಕೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲವೆಂದು.

"ನೀನ್ ಅತ್ತಿದ್ದು ನೋಡಿ ಅಯ್ಯೋ ಅನ್ನಿಸ್ತು, ಸಹಿ ಹಾಕ್ದೆ. ಅದು ನನ್ ತಪ್ಪು, ನಾನ್ ಹೇಳ್ದೆ. ನಿಂದನ್ನ ನಾನ್ ಹೇಳೋಕಾಗುತ್ತಾ? ಅದು ನಿಂಗ್ ಬಿಟ್ಟಿದ್ದು."

ನಾನು ನಂಬಲಿಲ್ಲ. ಕಾದು ಹೊಡೆಯುವ ಜಾತಿ ಇದು ಎಂದುಕೊಂಡೆ. ತಿಂಗಳು ಕಳೆಯುವುದರೊಳಗೆ ಅವರ ಸೂಜಿ ಪೆಟ್ಟಿಗೆ ನನಗೇ ಬಂತು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ನಾಚಿಕೆಯಾಯಿತು, ಆದರೂ ತೆಗೆದುಕೊಂಡೆ. ಪೆಟ್ಟಿಗೆಯ ಜೊತೆ ಆಂಟಿ ಉಳಿದಿದ್ದ ಟೇಪಿನ ಸುರುಳಿಯನ್ನೂ ಕೊಟ್ಟರು. ಅದರಲ್ಲೂ ಏನೋ ಕೊಂಕು ಹುಡುಕಿದೆ.

ಹೋದ ವರ್ಷ ಅವರು ತೀರಿಕೊಂಡರು. ಚರ್ಚಿನ ಅಂಗಳದಲ್ಲಿ ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತಿದ್ದರು. "ಒಳ್ಳೇ ಹೆಂಗಸು. ಆ ಒಂದು ಸಹಿಯಿಂದ ಹೆಸರು ಕೆಡಿಸ್ಕೊಂಡ್ರು" ಎಂದರು.

"ಆ ಸೂಜಿ ನಂದು ಸಾರ್. ಬೇರೆ ಮೊನೆ ಕೊಟ್ಟಿದ್ದು ನಾನೇ."

ಅವರು ನನ್ನತ್ತ ತಿರುಗಿದರು. "ಈಗ್ಯಾಕಮ್ಮ ಹೇಳ್ತೀರ? ಯಾರೂ ಕೇಳ್ಲಿಲ್ವಲ್ಲ."

ಯಾರೂ ಕೇಳಲಿಲ್ಲ, ನಿಜ. ನಾಲ್ಕು ವರ್ಷ ನನ್ನ ಕಣ್ಣೆದುರೇ ದಾರ ಕತ್ತರಿಸುತ್ತ ನಿಂತಿದ್ದ ಆಂಟಿಯೂ ಒಂದು ದಿನವೂ ಕೇಳಲಿಲ್ಲ.