ಭಾನುವಾರ ಸಂಜೆ ಐದೂವರೆಯ ಮ್ಯಾಚು

ಇಂಗ್ಲೆಂಡಿನಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವ ಫುಟ್‌ಬಾಲ್ ಮ್ಯಾಚನ್ನು ಅಲ್ಲಿನ ಜನ ಶಪಿಸುತ್ತಾರೆ ಎಂಬುದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಅವರಿಗೆ ಅದು ಹೊತ್ತಲ್ಲದ ಹೊತ್ತಿನ ಆಟ, ನಿದ್ದೆಗಣ್ಣಿನ ಆಟ. ಚಳಿಗಾಲದಲ್ಲಿ ಅದೇ ಆಟ ಅತ್ತಿಗುಂಡಿಯ ನಮ್ಮ ಮನೆಗೆ ಸಂಜೆ ಐದೂವರೆಗೆ ಬರುತ್ತದೆ. ಕಣದಲ್ಲಿ ಒಣಗಿದ ಕಾಫಿಯನ್ನು ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಕೈಕಾಲು ತೊಳೆದು ಬಂದು ಕೂರಲು ಸರಿಯಾದ ಹೊತ್ತು. ಯಾರೋ ನಮಗೆಂದೇ ಇಟ್ಟ ಹಾಗೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಅದೇ ಮಾತನ್ನು ಒಬ್ಬ ನನ್ನ ಮನೆಯಲ್ಲೇ ಕೂತು, ಬೈಗುಳದ ಹಾಗೆ, ನನ್ನ ಮುಖಕ್ಕೆ ಎಸೆದುಹೋದ. ಈಗಲೂ ನೆನೆದರೆ ಮೈ ಉರಿಯುತ್ತದೆ.

ನಾನು ಸೊಸೆಯಾಗಿ ಈ ಮನೆಗೆ ಬಂದಾಗ ನನಗೆ ಫುಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಹುಚ್ಚು ಹಿಡಿಸಿದವರು ಮಾವನವರು. ಇಂಗ್ಲೆಂಡಿನ ಒಂದು ತಂಡ ಎಂದರೆ ಅವರಿಗೆ ಪ್ರಾಣ. ಲೋಕವೆಲ್ಲ ಹೊಗಳುವ ದೊಡ್ಡ ತಂಡವೇನಲ್ಲ ಅದು. ಅದೇ ಯಾಕೆ ಎಂದು ಕೇಳಿದ್ದಕ್ಕೆ, "ಡಿಶ್ ಹಾಕ್ಸಿದ್ ದಿವ್ಸ ಟಿವಿಲಿ ಅವ್ರೇ ಆಡ್ತಿದ್ರು ಕಣಮ್ಮ. ಪಾಪ, ಸೋತ್ರು" ಎಂದಿದ್ದರು. ಅಷ್ಟೇ ಕಾರಣ. ಸೋತವರನ್ನು ಮುಂದಿನ ವಾರ ಏನಾದರೋ ನೋಡೋಣವೆಂದು ಕೂತವರು ಮತ್ತೆ ಏಳಲೇ ಇಲ್ಲ.

ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಹೆಚ್ಚಿ ಕಣ್ಣು ಮಂಜಾಯಿತು. ಆಡುತ್ತಿರುವವರು ಯಾರು ಎಂದು ನಾನು ಪಕ್ಕದಲ್ಲಿ ಕೂತು ಹೇಳಬೇಕಾಗಿತ್ತು. ಹಾಗೆ ಹೇಳುತ್ತಾ ಹೇಳುತ್ತಾ ನನಗೂ ಅಂಟಿಕೊಂಡಿತು. "ಗಂಡಸ್ರು ನೋಡೋ ಆಟ, ನಿಂಗ್ಯಾಕೆ?" ಎಂದು ಅತ್ತೆ ಒಳಗಿನಿಂದ ಗೊಣಗಿದರೆ, "ಅವ್ಳಿಲ್ದಿದ್ರೆ ನಂಗೆ ಚೆಂಡು ಎಲ್ಲೈತೆ ಅಂತ ನೀನು ಬಂದು ಹೇಳ್ತೀಯಾ?" ಎಂದು ಮಾವ ಅವರ ಬಾಯಿ ಮುಚ್ಚಿಸುತ್ತಿದ್ದರು. ಉಳಿದ ಮ್ಯಾಚುಗಳೆಲ್ಲ ರಾತ್ರಿ ಊಟದ ಹೊತ್ತಿಗೋ ನಡುರಾತ್ರಿಗೋ ಬರುತ್ತಿದ್ದವು. ಮಾತ್ರೆ ನುಂಗಿ ಬೇಗ ಮಲಗುವ ಮುದುಕರಿಗೆ ಅವು ಇಲ್ಲದ ಹಾಗೆಯೇ. ಪೂರ್ತಿ ನೋಡಲು ಅವರಿಗೆ ಸಿಗುತ್ತಿದ್ದದ್ದು ಭಾನುವಾರದ ಆ ಒಂದೇ ಹೊತ್ತಿನ ಆಟ. ಅದೂ ಎಲ್ಲ ವಾರ ನಮ್ಮ ತಂಡದ್ದಿರುತ್ತಿರಲಿಲ್ಲ. ಇದ್ದ ದಿನ ಮಧ್ಯಾಹ್ನವೇ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ತಯಾರಾಗುತ್ತಿದ್ದರು.

ಅವರು ಹೋದ ಮೇಲೂ ನಾನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದೆವು. ಪ್ರವಾಸಿಗರನ್ನು ಬಾಬಾಬುಡನ್‌ಗಿರಿಗೆ ಕರೆದೊಯ್ಯುವ ಜೀಪಿನ ಡ್ರೈವರ್ ಒಬ್ಬ ನಮ್ಮ ತಂಡದ ಕಡೆಯವನಾದ. ಅವನ ಹೆಂಡತಿಯೂ ಬರತೊಡಗಿದಳು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಎದುರಾಳಿ ತಂಡ ಯಾವುದಾದರೂ ಸರಿ, ಅದರ ಕಡೆ. ನಮ್ಮನ್ನು ರೇಗಿಸಲೆಂದೇ ಬರುತ್ತಿದ್ದರು. ನಮ್ಮ ಮನೆಯವರು ಆಟ ನೋಡುವುದಿಲ್ಲ. ಅಕ್ಕಿರೊಟ್ಟಿ ಕೋಳಿಸಾರು ಬಡಿಸಿಕೊಂಡು, ಗದ್ದಲ ಕೇಳುತ್ತಾ ಜಗುಲಿಯಲ್ಲಿ ಕೂತು ತಿನ್ನುತ್ತಾರೆ.

ಆ ಭಾನುವಾರ ಜೀಪಿನವನು ಗಿರಿಯಿಂದ ಒಬ್ಬ ಇಂಗ್ಲಿಷಿನವನನ್ನು ಕರೆತಂದ. ಅರವತ್ತು ದಾಟಿದ, ಮೊಣಕಾಲು ನೋವಿನ, ಸೌಮ್ಯ ಮುಖದ ಮನುಷ್ಯ. ಒಬ್ಬನೇ ಬಂದಿದ್ದ. ಬ್ಯಾಗು ಇಳಿಸುವಷ್ಟರಲ್ಲಿ ಟಿವಿ ಕಣ್ಣಿಗೆ ಬಿದ್ದು ಬಾಗಿಲಲ್ಲೇ ನಿಂತುಬಿಟ್ಟ. ನಮ್ಮ ತಂಡ ಅವನ ಊರಿನದೇ! ಕಣ್ಣಲ್ಲಿ ನೀರು ಬಂತು ಅವನಿಗೆ, ಸುಳ್ಳು ಹೇಳುವುದಿಲ್ಲ. ನನಗೂ ಏನೋ ಆಯಿತು. ನೆಂಟರು ಬಂದ ಹಾಗೆ ಮಾವನವರ ಕುರ್ಚಿಯಲ್ಲೇ ಕೂರಿಸಿ ಕಾಫಿ ಕೊಟ್ಟೆ. ಮೊದಲ ಅರ್ಧ ನಾವೆಲ್ಲ ಒಟ್ಟಿಗೆ ಕೂಗಿದೆವು.

ಮಧ್ಯಂತರದಲ್ಲಿ ಅವನು ಮಾತು ಶುರು ಮಾಡಿದ. ಚಿಕ್ಕಂದಿನಿಂದ ಅಣ್ಣನ ಜೊತೆ ಆಟಕ್ಕೆ ಹೋಗುತ್ತಿದ್ದನಂತೆ. ಆಗೆಲ್ಲ ಶನಿವಾರ ಮಧ್ಯಾಹ್ನ. ಭಾನುವಾರದ ಈ ಆಟ ಬಂದ ಮೇಲೆ ಎಲ್ಲ ಹಾಳಾಯಿತಂತೆ. ಬೇರೆ ಊರಿನಲ್ಲಿ ಆಟವಿದ್ದರೆ ಕತ್ತಲಲ್ಲೇ ಮನೆ ಬಿಡಬೇಕು, ಭಾನುವಾರ ಬೆಳಿಗ್ಗೆ ರೈಲು ಸಿಗುವುದಿಲ್ಲ, ಬಸ್ಸಿನಲ್ಲಿ ಕಾಲು ಮರಗಟ್ಟಿಸಿಕೊಂಡು ಕೂರಬೇಕು. ಹೋಗಿ ತಲುಪಿದರೆ ಸ್ಟೇಡಿಯಮ್ಮೇ ಇನ್ನೂ ಎದ್ದಿರುವುದಿಲ್ಲ, ಹಾಡಲು ಯಾರಿಗೂ ಗಂಟಲು ಬಿಟ್ಟಿರುವುದಿಲ್ಲ. ಅಣ್ಣನಿಗೆ ಸಾಕಾಗಿ, ವರ್ಷವರ್ಷವೂ ದುಡ್ಡು ಕಟ್ಟಿ ಕಾದಿರಿಸುತ್ತಿದ್ದ ತನ್ನ ಸೀಟನ್ನೇ ಬಿಟ್ಟುಕೊಟ್ಟನಂತೆ. ಜೀವಮಾನವಿಡೀ ಒತ್ತಿನಲ್ಲಿ ಕೂತವರು ಈಗ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರಂತೆ.

ನನಗೆ ಪಾಪ ಎನಿಸಿತು. ಹಾಗೆಂದೂ ಬಿಟ್ಟೆ. ಆಗ ಅವನು ಸಣ್ಣಗೆ ನಕ್ಕು ನಮ್ಮ ನಡುಮನೆಯನ್ನು ಒಮ್ಮೆ ಸುತ್ತ ನೋಡಿದ. ರೊಟ್ಟಿ ತಟ್ಟೆ, ನೆಲದ ಮೇಲೆ ಕೂತ ಡ್ರೈವರನ ಹೆಂಡತಿ, ಎಲ್ಲವನ್ನೂ ನೋಡಿದ. ನೋಡಿ, "ಇದೆಲ್ಲ ಯಾರಿಗಾಗಿ ಗೊತ್ತೇ? ನಿಮಗಾಗಿ. ಏಷ್ಯಾದ ಟಿವಿಗಾಗಿ. ನಿಜವಾದ ಅಭಿಮಾನಿಗಳ ಭಾನುವಾರವನ್ನು ನಿಮಗೆ ಮಾರಿದರು" ಎಂದ.

"ಏನಂತೆ ಅಕ್ಕ? ಯಾಕೆ ನಿಮ್ ಮುಖ ಹಂಗಾಯ್ತು?" ಎಂದು ಡ್ರೈವರ್ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ.

"ಅಯ್ಯೋ ಮಾರಾಯ, ನಾವೆಲ್ಲಿ ಕೇಳಿದ್ವಿ?" ಎಂದು ಅವನು ನಗಲು ನೋಡಿದ.

ನನಗೆ ನಗು ಬರಲಿಲ್ಲ. ನಿಜವಾದ ಅಭಿಮಾನಿಗಳು! ಹಾಗಾದರೆ ಕ್ಷೌರ ಮಾಡಿಕೊಂಡು, ಕಣ್ಣು ಕಾಣದೆ, ಸೊಸೆಯ ಬಾಯಿಂದ ಆಟ ಕೇಳುತ್ತಿದ್ದ ಮನುಷ್ಯ ಯಾರು? ಅದನ್ನು ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಸಿಟ್ಟು ಬಂದಾಗ ನನ್ನ ಇಂಗ್ಲಿಷು ಕೈಕೊಡುತ್ತದೆ, ಮಾವನವರ ವಿಷಯ ಹೇಳಲಾಗಲಿಲ್ಲ. ಹೇಳಿದ್ದು ಇಷ್ಟು: "ನಮ್ಮನ್ನೂ ಯಾರೂ ಕೇಳಲಿಲ್ಲ. ನೀವು ಟಿಕೆಟಿಗೆ ದುಡ್ಡು ಕೊಡ್ತೀರಿ, ನಾವು ಚಾನೆಲ್ಲಿಗೆ ಕೊಡ್ತೀವಿ. ತಗೊಂಡವರು ನಿಮ್ಮ ದೇಶದಲ್ಲೇ ಇದಾರೆ. ಜಗಳ ಅವರ ಹತ್ರ ಆಡಿ. ನನ್ನ ಮನೇಲಿ ಬೇಡ."

ಅವನ ಮುಖ ಕೆಂಪಾಯಿತು. ನಿಮ್ಮೊಬ್ಬರನ್ನೇ ಅಂದದ್ದಲ್ಲ ಎಂದು ತಡವರಿಸಿದ. ಎರಡನೆಯ ಅರ್ಧ ಶುರುವಾಯಿತು. ನಮ್ಮ ತಂಡ ಗೆದ್ದಿತು. ನಾನು ಕೂಗಲಿಲ್ಲ, ಅವನೂ ಕೂಗಲಿಲ್ಲ. ರೈಟರು ಮಾತ್ರ, ರೇಗಿಸಲು ಯಾರೂ ಸಿಗದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೇನೋ. ಆಟ ನೋಡುವವರ ಜಗಳ ಆಟದ ಜೊತೆ ಮುಗಿಯುತ್ತದೆ. ಬೆಳಿಗ್ಗೆ ಹೊರಡುವಾಗ ಅವನು ಜಗುಲಿಯಲ್ಲಿ ನಿಂತು ನನ್ನ ಕೈ ಹಿಡಿದುಕೊಂಡ. ರಾತ್ರಿಯೆಲ್ಲ ಯೋಚಿಸಿದನಂತೆ. ಬಹಳ ಮೃದುವಾಗಿ, "ನಿಮ್ಮದೇನೂ ತಪ್ಪಿಲ್ಲ. ನಾನು ನಿಮ್ಮನ್ನು ಕ್ಷಮಿಸಿದ್ದೇನೆ" ಎಂದ.

ಕ್ಷಮಿಸಿದ್ದಾನೆ! ತಪ್ಪಿಲ್ಲ ಎಂದಮೇಲೆ ಕ್ಷಮಿಸುವುದೇನನ್ನು? ನಾನು ಕೈ ಬಿಡಿಸಿಕೊಂಡೆ. "ಅದು ನನಗೆ ಬೇಡ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ" ಎಂದೆ. ಈ ಸಲ ಇಂಗ್ಲಿಷು ಕೈಕೊಡಲಿಲ್ಲ. ಅವನು ಕಣ್ಣು ಪಿಳಿಪಿಳಿ ಬಿಡುತ್ತಾ ಜೀಪು ಹತ್ತಿದ. ಒಳ್ಳೆಯದು ಮಾಡಲು ಹೋಗಿ ಏಟು ತಿಂದವನ ಮುಖ.

"ಪಾಪ, ವಯಸ್ಸಾದೋರು. ಏನೋ ಒಳ್ಳೆ ಮನ್ಸಿಂದ ಅಂದ್ರು. ಬಿಡು ಅತ್ಲಾಗಿ" ಎಂದರು ನಮ್ಮ ಮನೆಯವರು.

"ನೀವು ಆಟ ನೋಡಲ್ಲ. ನಿಮಗೆ ಗೊತ್ತಾಗಲ್ಲ" ಎಂದೆ. ಅವರ ಮೇಲೂ ಸಿಟ್ಟು ಬಂತು. ಆ ದಿನ ಯಾರ ಮೇಲೆ ಬರಲಿಲ್ಲ? ಆಳುಗಳು, ನಾಯಿ, ಮಿಕ್ಸಿ, ಎಲ್ಲಕ್ಕೂ ಬೈದೆ.

ಮುಂದಿನ ವರ್ಷ ಆಟ ಡಿಶ್‌ನಿಂದಲೇ ಮಾಯವಾಯಿತು. ಮೊಬೈಲಿನ ಆ್ಯಪಿನಲ್ಲಿ ನೋಡಬೇಕಂತೆ. ಅತ್ತಿಗುಂಡಿಯಲ್ಲಿ ನೆಟ್‌ವರ್ಕು ಮಂಜಿನ ಹಾಗೆ, ಬಂದರೆ ಬಂತು, ಅದೂ ಕಿಟಕಿಯ ಹತ್ತಿರ ಹಿಡಿದರೆ. ಆಟಗಾರ ಚೆಂಡು ಒದೆಯಲು ಕಾಲೆತ್ತಿದ್ದಾನೆ ಎನ್ನುವಾಗ ಚಿತ್ರ ನಿಂತುಬಿಡುತ್ತದೆ, ಅವನ ಕಾಲು ಇಳಿಯುವುದಕ್ಕೆ ನಾವು ಬಾಯಿ ತೆರೆದು ಕಾಯುತ್ತೇವೆ. ನಮಗಾಗಿ ಇಟ್ಟ ಹೊತ್ತಂತೆ, ನಮಗಾಗಿ! ಹೊತ್ತು ಬಂತು, ಆಟ ಬರಲಿಲ್ಲ. ಇದನ್ನು ಆ ಮನುಷ್ಯನಿಗೆ ತೋರಿಸಬೇಕು ಎಂದು ಎಷ್ಟೋ ಭಾನುವಾರ ಹಲ್ಲು ಕಚ್ಚಿದ್ದೇನೆ.

ಅವನು ಹೋಗುವಾಗ ಡ್ರೈವರನ ನಂಬರು ಪಡೆದಿದ್ದನೆಂದು ಆಮೇಲೆ ಗೊತ್ತಾಯಿತು. ಭಾನುವಾರದ ಆಟವಿದ್ದಾಗಲೆಲ್ಲ ಸ್ಟೇಡಿಯಮ್ಮಿನಿಂದ ಅವನಿಗೆ ಫೋಟೋ ಕಳಿಸುತ್ತಾನೆ. ಡ್ರೈವರಿಗೆ ಬಹಳ ಖುಷಿ. ಕಳೆದ ತಿಂಗಳು ನನ್ನ ಮುಂದೆ ಮೊಬೈಲು ಹಿಡಿದ. ಬೂದು ಬಣ್ಣದ ಆಕಾಶ, ಅರ್ಧ ಖಾಲಿ ಸೀಟುಗಳು, ಉಣ್ಣೆಯ ಟೋಪಿ ಹಾಕಿಕೊಂಡ ಅವನು. ಪಕ್ಕದಲ್ಲಿ ಅವನದೇ ಮೂಗಿನ ಇನ್ನೊಬ್ಬ ಮುದುಕ.

"ಅಣ್ಣನ್ನ ಎಳ್ಕೊಂಡ್ ಬಂದಿದಾರೆ ಅಕ್ಕ. ನಿಮ್ಗೂ ನಮಸ್ಕಾರ ಹೇಳು ಅಂದಿದಾರೆ. ಏನಂತ ಬರೀಲಿ?"

ಅಣ್ಣ ಬಂದದ್ದು ಒಳ್ಳೆಯದೇ ಆಯಿತು. ಅದಕ್ಕೆ ನನ್ನ ಸಿಟ್ಟು ಯಾಕೆ ಇಳಿಯಬೇಕು?

"ಏನೂ ಬರೀಬೇಡ" ಎಂದೆ. "ಮೊದ್ಲು ಆ ಮೊಬೈಲ್ ಕಿಟಕಿ ಹತ್ರ ಹಿಡಿ. ಆಟ ಶುರುವಾಗೈತೆ."