ಲಾರಿಯ ಮುಂದೆ ನಿಂತವರು

ಎಣ್ಣೆ ಮಿಲ್ಲು ಮುಚ್ಚಿದ ಮೇಲೆ ನನ್ನ ಬಳಿ ಉಳಿದದ್ದು ಒಂದು ಹಳೆಯ ಕ್ಯಾಮೆರಾ ಮತ್ತು ಬಸ್ಸು ಲಾರಿಗಳ ಹುಚ್ಚು. ಚಿತ್ರದುರ್ಗದಲ್ಲಿ ಆಗ ಶೇಂಗಾ ಎಣ್ಣೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾನು ಗುಮಾಸ್ತನಾಗಿದ್ದ ಮಿಲ್ಲೂ ಹಾಕಿತು. ಇದರಲ್ಲಿ ವಿಶೇಷವೇನೂ ಇಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲಿಗೂ ಹೋಗದೆ ಕಟ್ಟೆಯ ಮೇಲೆ ಕೂರುವವರು ನಮ್ಮ ಬೀದಿಯಲ್ಲಿ ಇನ್ನೂ ಕೆಲವರಿದ್ದರು. ವಿಶೇಷವಿದ್ದದ್ದು ನನ್ನ ಹುಚ್ಚಿನಲ್ಲಿ.

ಜನ ಕೋಟೆ ನೋಡಲೆಂದು ದೂರದೂರದಿಂದ ದುರ್ಗಕ್ಕೆ ಬರುತ್ತಾರೆ. ನಾನು ಅಲ್ಲೇ ಹುಟ್ಟಿ ಬೆಳೆದವನು, ಕೋಟೆಯ ಒಂದೇ ಒಂದು ಫೋಟೋ ತೆಗೆದವನಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಕೋಟೆಯ ಕೆಳಗಿನ ರಸ್ತೆಯಲ್ಲಿ ಹೋಗುವ ಗಾಡಿಗಳು. ತಲೆಯ ಮೇಲೆ ತೆಂಗಿನಕಾಯಿ ಮೂಟೆ ಹೊತ್ತು ಹೊಳಲ್ಕೆರೆ ಕಡೆಯಿಂದ ಏದುಸಿರು ಬಿಡುತ್ತಾ ಬರುವ ಖಾಸಗಿ ಬಸ್ಸು, ಹಣೆಯ ಮೇಲೆ ನವಿಲು ಬರೆಸಿಕೊಂಡ ಲಾರಿ, ಇವೇ ನನಗೆ ಚೆಲುವು. ಹಿಂದಿನ ಗಾಜಿನ ಅಂಚು ನೋಡಿ ಬಾಡಿ ಕಟ್ಟಿದ್ದು ಯಾವ ಊರಲ್ಲಿ ಎಂದು ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

ನನ್ನದೊಂದು ನಿಯಮವಿತ್ತು. ಫೋಟೋದಲ್ಲಿ ಗಾಡಿ ಮಾತ್ರ ಇರಬೇಕು, ಮನುಷ್ಯರು ಇರಕೂಡದು. ಒಬ್ಬ ಅಡ್ಡ ಬಂದರೂ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಿಲ್ದಾಣದಲ್ಲಿ ಹತ್ತುವವರು ಹತ್ತಿ, ಇಳಿಯುವವರು ಇಳಿದು, ಕಡಲೆಪುರಿ ಮಾರುವವನೂ ಅತ್ತ ಸರಿಯುವವರೆಗೆ ಕಾಯುತ್ತಿದ್ದೆ. ಎಷ್ಟೋ ಸಲ ಅಷ್ಟರಲ್ಲಿ ಬಸ್ಸೇ ಹೊರಟುಬಿಡುತ್ತಿತ್ತು. ಮದುವೆಗೆ ಮೊದಲೇ ನನ್ನ ಕೈ ಸೇರಿದ್ದ ಆ ಕ್ಯಾಮೆರಾವನ್ನು ನನ್ನ ಹೆಂಡತಿ ‘ನಿಮ್ಮ ಹಿರೇ ಹೆಂಡ್ತಿ’ ಎಂದೇ ಕರೆಯುತ್ತಿದ್ದಳು.

ಅವಳ ತಂದೆ ಹೊಸದುರ್ಗದ ಕಡೆಯ ಹಳ್ಳಿಯವರು. ಕುರಿ ಸಾಕುವ ಮನೆತನ, ಮಾತು ಬಲು ಕಡಿಮೆ. ಮಿಲ್ಲು ಮುಚ್ಚಿದ ಸುದ್ದಿ ತಿಳಿದು ಒಂದು ದಿನ ತೆಂಗಿನಕಾಯಿ, ರಾಗಿ ಹೊತ್ತುಕೊಂಡು ಬಂದರು. ಉಂಡು, ಗೋಡೆಗೆ ಒರಗಿ ಕುಳಿತು, ನೆಲ ನೋಡುತ್ತಾ ಹೇಳಿದರು:

“ಬೇಜಾರ್ ಮಾಡ್ಕಬ್ಯಾಡಪ್ಪ. ಕೂಸು ಇನ್ನೂ ಹಾಲು ಕುಡಿಯೋದು. ದೀಪಾವಳಿ ಮುಗಿದ ಮ್ಯಾಲೆ ಬಂದು ತಾಯಿ ಮಗೀನ ಕರ್ಕಂಡು ಹೋಗ್ತೀನಿ. ನಿನಗೊಂದು ಕೆಲಸ ಅಂತ ಆಗ್ಲಿ, ಆಮ್ಯಾಲೆ ಬಂದು ಕರ್ಕಂಡು ಬರುವಂತೆ.”

ಅವರ ಮಾತಿನಲ್ಲಿ ಒಂದಿಷ್ಟೂ ಚುಚ್ಚು ಇರಲಿಲ್ಲ. ಚುಚ್ಚಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು “ಆಗಲಿ ಮಾವ” ಎಂದೆ. ಹೆಂಡತಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಮಗಳು ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಳು, ನನ್ನ ಎದೆಯ ಮೇಲೆ ಬೋರಲು ಮಲಗಿದರೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಇಬ್ಬರೂ ಹೋದರೆ ಯಾವಾಗ ಬರುತ್ತಾರೆ ಎನ್ನುವುದು ನನ್ನ ಕೆಲಸದ ಮೇಲೆ ನಿಂತಿತ್ತು. ಕೆಲಸ ಎಲ್ಲೂ ಇರಲಿಲ್ಲ. ಅವರಿಲ್ಲದ ಆ ಮನೆಯನ್ನು ನೆನೆಸಿಕೊಂಡರೆ ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

ಕೆಲಸ ಕೇಳಿಕೊಂಡು ಹಿರಿಯೂರಿಗೆ ಹೋದ ದಿನ ಅಲ್ಲೂ ಇಲ್ಲ ಅನ್ನಿಸಿಕೊಂಡೆ. ಹೆದ್ದಾರಿಯ ಪಕ್ಕದ ಚಹಾ ಹೋಟೆಲಿನ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಬೇಸರ ಕಳೆಯಲು ಕ್ಯಾಮೆರಾ ತೆಗೆದು ಒಂದು ಲಾರಿಗೆ ಗುರಿ ಹಿಡಿದೆ. ಹಿಂದಿನಿಂದ ಯಾರೋ ನನ್ನ ಅಂಗಿಯ ಕಾಲರು ಹಿಡಿದರು.

“ಯಾವ ಫೈನಾನ್ಸಿನೋನಲೇ ನೀನು? ಕಂತು ಕಟ್ಟಿ ಇನ್ನಾ ವಾರ ಆಗಿಲ್ಲ!”

ಆ ಲಾರಿಯ ಡ್ರೈವರು. ಸಾಲದ ಗಾಡಿ ಎಳೆದುಕೊಂಡು ಹೋಗುವವರು ಮೊದಲು ಹೀಗೇ ಬಂದು ಫೋಟೋ ತೆಗೆಯುತ್ತಾರಂತೆ. ನನಗೆ ಗಾಡಿಗಳೆಂದರೆ ಇಷ್ಟ, ಅದಕ್ಕೇ ತೆಗೆಯುತ್ತೇನೆ ಎಂದರೆ ಅವನು ನಂಬಲಿಲ್ಲ. ಕೊನೆಗೆ ಅವನ ಲಾರಿಯ ಬಾಡಿ ಯಾವ ಊರಿನದು, ಕ್ಯಾಬಿನ್ನಿನ ಮರದ ಕೆಲಸ ಯಾವಾಗ ಬದಲಾಗಿದೆ ಎಂದು ಹೇಳಿದೆ. ಕಾಲರು ಬಿಟ್ಟು ಚಹಾ ಹೇಳಿದ. ಜವನಗೊಂಡನಹಳ್ಳಿಯವನು. ಚಹಾ ಕುಡಿಯುತ್ತಾ ಅವನೇ ಕೇಳಿದ:

“ಆಯುಧಪೂಜೆ ದಿನ ನಮ್ಮ ಗಾಡಿ ಎಲ್ಲಾ ಇಲ್ಲೇ ಸೇರ್ತಾವಣ್ಣ. ಒಂದೊಂದು ಫೋಟೋ ತೆಗೆದುಕೊಡ್ತೀಯಾ? ಪುಗಸಟ್ಟೆ ಬ್ಯಾಡ. ನಮ್ಮವ್ವ ನನ್ನ ಗಾಡಿ ಕಣ್ಣಿಲೆ ಕಂಡಿಲ್ಲ. ನಮ್ಮ ಓಣಿಗೆ ಇದು ಹೋಗಲ್ಲ, ಅವ್ವ ಹೈವೇಗೆ ಬರಲ್ಲ.”

ನನ್ನ ಹುಚ್ಚಿಗೆ ಯಾರಾದರೂ ದುಡ್ಡು ಕೊಡುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಸ್ಸಿನಲ್ಲಿ ದುರ್ಗಕ್ಕೆ ಮರಳುವಾಗ ನಿಂತೇ ಬಂದೆ, ಕೂರಲು ಜಾಗವಿದ್ದರೂ.

ಆಯುಧಪೂಜೆಯ ದಿನ ಮೊದಲ ಬಸ್ಸಿಗೇ ಹೋದೆ. ನನ್ನ ಲೆಕ್ಕ ಹೀಗಿತ್ತು: ಪೂಜೆ ಆದಮೇಲೆ ಹೂವಿನ ಹಾರ ಗಾಡಿಯ ಮುಖ ಮುಚ್ಚುತ್ತದೆ, ಬಾಳೆಕಂದು ದೀಪ ಮುಚ್ಚುತ್ತದೆ, ಜನ ಚಕ್ರ ಮುಚ್ಚುತ್ತಾರೆ. ಆದ್ದರಿಂದ ಲಾರಿ ತೊಳೆದು ನಿಲ್ಲಿಸಿದ ಕೂಡಲೇ, ಎಳೆಬಿಸಿಲಿನಲ್ಲಿ, ಎಲ್ಲವನ್ನೂ ತೆಗೆದುಬಿಡಬೇಕು. ಡ್ರೈವರುಗಳು ಅಂಗಿ ಬದಲಿಸಿ, ತಲೆ ಬಾಚಿಕೊಂಡು ಗಾಡಿಯ ಮುಂದೆ ಬಂದು ನಿಂತರೆ “ಸ್ವಲ್ಪ ಆಕಡೆ ಹೋಗ್ರಿ” ಎಂದು ಕೈಬೀಸಿದೆ. ಪಾಪ, ಅದೂ ಕೆಲಸದ ಒಂದು ಭಾಗವಿರಬೇಕು ಎಂದುಕೊಂಡು ಅವರು ಸರಿದರು. ಕುಂಬಳಕಾಯಿ ಒಡೆಯುವ ಹೊತ್ತಿಗೆ ನನ್ನ ಫಿಲ್ಮು ರೋಲು ಮುಗಿದಿತ್ತು. ಪೂಜೆಯ ಪ್ರಸಾದವೆಂದು ಹಂಚಿದ ಚರ್ಪನ್ನು ಹೊಟ್ಟೆ ತುಂಬಾ ತಿಂದು, ಗೆದ್ದವನ ಹಾಗೆ ಮನೆಗೆ ಬಂದೆ.

ಫೋಟೋಗಳು ತೊಳೆದು ಬಂದಾಗ ಸ್ಟುಡಿಯೋದವನೇ ಭೇಷ್ ಅಂದ. ನಾನು ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ. ಹಿರಿಯೂರಿನ ಹೋಟೆಲಿನ ಬೆಂಚಿನ ಮೇಲೆ ಅವನ್ನು ಹರಡಿದೆ. ಜವನಗೊಂಡನಹಳ್ಳಿಯ ಡ್ರೈವರು ತನ್ನ ಲಾರಿಯದನ್ನು ಎತ್ತಿ, ಹಿಂದುಮುಂದು ಮಾಡಿ, ಬಹಳ ಹೊತ್ತು ನೋಡಿದ.

“ಗಾಡಿ ಚೆಂದ ಐತಣ್ಣ. ನಾನೆಲ್ಲಿ?”

ನಾನು ಲಾರಿಯ ಬಾಗಿಲ ಮೇಲೆ ಬಿದ್ದ ಎಳೆಬಿಸಿಲನ್ನು ಬೆರಳಿಟ್ಟು ತೋರಿಸಿದೆ.

“ಹೂವಿಲ್ಲ, ಕುಂಕುಮ ಇಲ್ಲ, ಹಬ್ಬದ ದಿನ ಬೋಳು ಗಾಡಿ! ಮುಂದೆ ಒಬ್ಬ ಮನುಷ್ಯ ಇಲ್ಲ. ಮಾರಾಕೆ ನಿಲ್ಲಿಸಿದಂಗೈತೆ. ಇದನ್ನ ನಮ್ಮವ್ವಗೆ ತೋರಿಸಿದ್ರೆ, ನನ್ನ ಮಗ ಎಲ್ಲಿ ಹೋದ ಅಂತ ಎದೆ ಬಡ್ಕಂತಾಳೆ.”

ಉಳಿದವರೂ ತಮ್ಮ ತಮ್ಮ ಬೋಳು ಗಾಡಿಗಳನ್ನು ಬೆಂಚಿನ ಮೇಲೆಯೇ ಬಿಟ್ಟರು. ಯಾರೂ ಬೈಯಲಿಲ್ಲ, ಒಬ್ಬ ಚಹಾ ಕೂಡ ಕೊಡಿಸಿದ. ರೋಲು, ಕಾಗದ, ತೊಳೆಸಿದ್ದು ಎಲ್ಲಾ ಮಣ್ಣುಪಾಲು. ದೀಪಾವಳಿ ಹತ್ತಿರ ಬರುತ್ತಿತ್ತು.

ಮನೆಗೆ ಬಂದು ಕವರನ್ನು ಮೂಲೆಗೆ ಎಸೆದೆ. ಹೆಂಡತಿ ಅದನ್ನು ಎತ್ತಿಕೊಂಡು ಒಂದೊಂದನ್ನೇ ನೋಡಿದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಗುವಿನ ನೀರು ಎಷ್ಟು, ಇನ್ನೊಂದರದು ಎಷ್ಟು ಎಂದು ನಾನು ಕೇಳಲಿಲ್ಲ.

“ಒಂದು ಮಾತು ಹೇಳ್ರಿ. ಮದುವೆ ದಿನ ನಮ್ಮ ದಿಬ್ಬಣ ಬಂತಲ್ಲ, ನಾನು ಯಾವ ಸೀರೆ ಉಟ್ಟಿದ್ದೆ?”

ನನಗೆ ನೆನಪಾಗಲಿಲ್ಲ.

“ದಿಬ್ಬಣದ ಬಸ್ಸು?”

“ನೀಲಿ ಬಣ್ಣದ್ದು. ಎಡಗಡೆ ದೀಪದ ಗಾಜು ಒಡೆದಿತ್ತು,” ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು.

ಬೇರೆ ಹೆಂಗಸಾಗಿದ್ದರೆ ಅವತ್ತು ಊಟ ಹಾಕುತ್ತಿರಲಿಲ್ಲ. ಇವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ನಾಳೆ ನಾನೂ ಹಿರಿಯೂರಿಗೆ ಬರ್ತೀನಿ” ಎಂದಳು. ಮಾರನೆಯ ದಿನ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋಟೆಲಿನ ಮುಂದೆ ನಿಂತು, ಆ ಡ್ರೈವರಿಗೆ ನೇರವಾಗಿ ಹೇಳಿದಳು: “ಅಣ್ಣ, ದಸರಾದಾಗೆ ಲೋಡಿಗೆ ಹೋದೋರು ದೀಪಾವಳಿಗೆ ಪೂಜೆ ಮಾಡ್ತಾರಂತಲ್ಲ. ನೀವೂ ಇನ್ನೊಂದ್ಸಲ ಮಾಡ್ರಿ. ಈ ಸಲ ಜನನ್ನ ನಿಲ್ಸೋಳು ನಾನು. ಇವ್ರದ್ದು ಬರೀ ಗುಂಡಿ ಒತ್ತೋ ಕೆಲಸ. ನಿಮ್ಮವ್ವನ್ನೂ ಕರ್ಕಂಡು ಬರ್ರಿ.”

ಅವನು ನನ್ನ ಮುಖ ನೋಡಿ ನಕ್ಕ. “ಅಕ್ಕ ಬಂದ್ರೆ ಆಗ್ಲಿ,” ಅಂದ.

ದೀಪಾವಳಿಯ ಪಾಡ್ಯಕ್ಕೆ ಹೋದೆವು, ಗಾಡಿಗಳು ಒಂದೊಂದಾಗಿ ಬರುತ್ತಿದ್ದರಿಂದ ಮರುದಿನವೂ ಹೋದೆವು. ಅವಳು ಆ ಗಂಡಸರನ್ನೆಲ್ಲ ಮನೆಯವರ ಹಾಗೆ ಆಳಿದಳು. “ಅಂಗಿ ಗುಂಡಿ ಹಾಕ್ಕಳ್ರಿ. ಹಣೆಗೆ ಕುಂಕುಮ ಎಲ್ಲಿ? ಯಜಮಾನ್ರು ಒಂಚೂರು ನಗ್ರಿ, ಟ್ಯಾಕ್ಸ್ ಕಟ್ಟೋಕೆ ನಿಂತಿಲ್ಲ.” ಮುಖಗಳು ಕಾಣಬೇಕೆಂದರೆ ನಾನು ಹತ್ತಿರ ಹೋಗಬೇಕು, ಹತ್ತಿರ ಹೋದರೆ ಲಾರಿಯ ಹಿಂಭಾಗ ಕತ್ತರಿಸಿ ಹೋಗುತ್ತಿತ್ತು. ಪ್ರತಿ ಸಲವೂ ನನ್ನ ಕರುಳಿಗೇ ಕತ್ತರಿ ಬಿದ್ದ ಹಾಗಾಗುತ್ತಿತ್ತು. ಆದರೂ ಒತ್ತಿದೆ.

ಮರುದಿನ ಮಧ್ಯಾಹ್ನ, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟಾಗ ಲಾರಿಯ ಆಚೆ ಹೆಗಲಮೇಲೆ ಕಂಬಳಿ ಹಾಕಿಕೊಂಡು ನಿಂತ ಒಬ್ಬರು ಕಂಡರು. ಮಾವ. ದುರ್ಗದ ಮನೆಗೆ ಬೀಗ ನೋಡಿ, ಪಕ್ಕದ ಮನೆಯವರನ್ನು ಕೇಳಿಕೊಂಡು ಇಲ್ಲಿಗೇ ಬಂದಿದ್ದರು. ಮುಗಿಯಿತು ಎಂದುಕೊಂಡೆ. ಅವರು ನೇರ ಬಂದು ಮಗಳ ಸೊಂಟದಿಂದ ಕೂಸನ್ನು ಇಳಿಸಿಕೊಂಡು, ಕುರಿಮರಿಯನ್ನು ಎತ್ತಿಕೊಳ್ಳುವ ಹಾಗೆ ಕಂಬಳಿಯ ಮಡಿಕೆಯೊಳಗೆ ಕೂರಿಸಿಕೊಂಡರು.

ಆಗಲೇ ಜವನಗೊಂಡನಹಳ್ಳಿಯ ಡ್ರೈವರು ತನ್ನ ತಾಯಿಯನ್ನು ಕರೆದುಕೊಂಡು ಬಂದ. ಮುದುಕಿ ಲಾರಿಯನ್ನು ಒಂದು ಸುತ್ತು ಹಾಕಿದಳು, ಮುಟ್ಟಲಿಲ್ಲ. ನನ್ನ ಹೆಂಡತಿ ಅವಳ ಕೈಹಿಡಿದು, ಕ್ಯಾಬಿನ್ನಿಗೆ ಹತ್ತಿಸಿ, ಮಗನ ಸೀಟಿನಲ್ಲಿ ಕೂರಿಸಿದಳು. ಮುದುಕಿ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು.

“ಇದ್ರಾಗೇ ಮಲಗ್ತೀಯೇನ್ಲೇ?”

“ಹೂನವ್ವ.”

“ಚಳಿ ಆಗಲ್ವಾ?”

“ಇಂಜಿನ್ ಬಿಸಿ ಇರ್ತೈತವ್ವ.”

ಅವಳು ಪಕ್ಕದಲ್ಲಿದ್ದ ಇಂಜಿನ್ನಿನ ಮುಚ್ಚಳದ ಮೇಲೆ ಕೈಯಿಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನಾನು ಗುಂಡಿ ಒತ್ತಿದೆ. ಆ ಫೋಟೋದಲ್ಲಿ ಲಾರಿಯ ಬಾಗಿಲು, ಒಂದು ಚೂರು ಸ್ಟೇರಿಂಗು ಬಿಟ್ಟರೆ ಗಾಡಿಯೇ ಇಲ್ಲ. ಇವತ್ತಿಗೂ ನಾನು ತೆಗೆದದ್ದರಲ್ಲಿ ನನಗೆ ಅದೇ ಹೆಚ್ಚು ಇಷ್ಟ. ತಿರುಗಿ ನೋಡಿದರೆ ಮಾವ ಆ ಮುದುಕಿಯನ್ನೇ ನೋಡುತ್ತಿದ್ದರು.

ಸಂಜೆ ಹಿರಿಯೂರಿನ ಬಸ್ ನಿಲ್ದಾಣಕ್ಕೆ ಬಂದೆವು. ಕೂಸು ಇನ್ನೂ ಅವರ ಕಂಬಳಿಯಲ್ಲೇ ಇತ್ತು.

“ಹೊಸದುರ್ಗದ ಬಸ್ಸು ನಿಂತೈತೆ. ಹೋಗಾಣ ಬಾರವ್ವ. ಬಟ್ಟೆ ಬರೆ ಆಮ್ಯಾಲೆ ತರಿಸ್ಕಂಡ್ರಾಯ್ತು,” ಎಂದರು ಮಗಳಿಗೆ.

ಅವಳು ಕದಲಲಿಲ್ಲ. “ಅಪ್ಪ, ನಾಳೆ ಜವನಗೊಂಡನಹಳ್ಳಿಯಾಗೆ ಟ್ರ್ಯಾಕ್ಟರ್ ಫೋಟೋಕೆ ಕರೆದವ್ರೆ. ನಾಡಿದ್ದು ಹೊರಕೆರೆದೇವಪುರದ ಗುಡಿ ಮುಂದೆ ಹೊಸ ಬಸ್ಸಿನ ಪೂಜೆ ಐತೆ. ನಾನಿಲ್ಲ ಅಂದ್ರೆ ಇವ್ರು ಜನನ್ನೆಲ್ಲ ಓಡಿಸಿಬಿಡ್ತಾರೆ.”

ಮಾವ ನನ್ನ ಕಡೆ ತಿರುಗಿದರು. “ಹೌದೇನಪ್ಪ?”

“ಹೌದು ಮಾವ,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲು ಆಗಲಿಲ್ಲ. “ಅವತ್ತು ಆಗಲಿ ಅಂದೆ, ನಿಜ. ಇವರಿಬ್ಬರನ್ನೂ ಕಳಿಸಿ ನನಗೆ ಇರೋಕೆ ಆಗಲ್ಲ ಮಾವ.” ಹೆಂಡತಿ ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಕಂಡಕ್ಟರು ಹೊಸದುರ್ಗ ಹೊಸದುರ್ಗ ಎಂದು ಕೂಗುತ್ತಿದ್ದ. ಮಾವ ಬಸ್ಸನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು.

“ನೀವಿಬ್ರೂ ಬಿಸಿಲಾಗೆ ತಿರುಗಿದ್ರೆ ಕೂಸಿನ್ನ ಯಾರು ನೋಡ್ಕಂತಾರೆ?”

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಎರಡು ದಿನವೂ ಅದು ಅಮ್ಮನ ಸೊಂಟದ ಮೇಲೇ ಬಾಡಿತ್ತು. ಹೆಂಡತಿ ತಲೆ ತಗ್ಗಿಸಿದಳು, ನಾನು ಕ್ಯಾಮೆರಾದ ಪಟ್ಟಿ ಹಿಡಿದು ನಿಂತೆ. ಇನ್ನು ತಾಯಿ ಮಗಳು ಊರಿಗೆ ಹೋಗುವುದೇ ಸೈ ಎನ್ನಿಸಿತು.

“ನಾನೇ ಇರ್ತೀನಿ ಬಿಡ್ರಿ,” ಎಂದರು ಮಾವ.

“ಕುರಿ ಅಪ್ಪ?”

“ನಿಮ್ಮಣ್ಣ ಅದಾನೆ. ಕುರಿ ಅವನ ಮಾತು ಕೇಳ್ತಾವೆ. ಈ ಕೂಸು ನಿಮ್ಮಿಬ್ರ ಮಾತೂ ಕೇಳಂಗಿಲ್ಲ.”

ನನಗೆ ಅಳು ಬಂತು, ತಡೆಯದೆ ಅತ್ತುಬಿಟ್ಟೆ. ಬಸ್ ನಿಲ್ದಾಣದಲ್ಲಿ ಗಂಡಸು ಅಳುವುದನ್ನು ಜನ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಹೊಸದುರ್ಗದ ಬಸ್ಸು ಹೊಗೆ ಬಿಟ್ಟು ಹೊರಟಿತು. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ, ಕಂಬಳಿಯ ಚುಂಗಿನಿಂದ ಮೊಮ್ಮಗಳ ಮೂಗು ಒರೆಸುತ್ತಾ, ದುರ್ಗದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು.