ದಿನವೂ ಇಪ್ಪತ್ತು ನಿಮಿಷ ತಡ

ಇದು ಹಿಂದಿನ ಚಳಿಗಾಲದ ಮಾತು. ನಾನು ದೆಹಲಿ ಬಳಿಯ ನೋಯ್ಡಾದ ಐಟಿ ಕೆಲಸ ಬಿಟ್ಟು, ಅಲ್ಲೇ ಹತ್ತಿರದ ಇಂದಿರಾಪುರಂನಲ್ಲಿ ಇಡ್ಲಿ-ದೋಸೆ ಹಿಟ್ಟು ಮಾರಲು ಶುರುಮಾಡಿ ಎಂಟು ತಿಂಗಳಾಗಿತ್ತು. ಪ್ಯಾಕಿಂಗ್‌ಗೆ ಇಬ್ಬರು ಹೆಂಗಸರು, ರುಬ್ಬಲು ಸರಿತಾ ದೀದಿ. ಸಂಜೆ ರುಬ್ಬಿಟ್ಟು ಬಾಗಿಲು ಹಾಕುವವರೂ ಬೆಳಿಗ್ಗೆ ಏಳೂವರೆಗೆ ತೆಗೆಯುವವರೂ ಅವರೇ. ಉಳಿದ ನಾವು ಮೂವರು ಒಂಬತ್ತಕ್ಕೆ ಬರುತ್ತಿದ್ದೆವು.

ಎಲ್ಲವನ್ನೂ ದಿನಾಂಕ ಹಾಕಿ ಡೈರಿಯಲ್ಲಿ ಬರೆದಿಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಬಾಗಿಲ ಬಳಿ ಬೆರಳೊತ್ತುವ ಹಾಜರಿ ಯಂತ್ರ ಹಾಕಿಸಿದ್ದೆ. ಯಾರು ಎಷ್ಟು ಸಲ ತಡ, ಯಾರ ಕೈಯಲ್ಲಿ ಎಷ್ಟು ಪ್ಯಾಕೆಟ್ ಸೋರಿತು ಎಂದು ಪ್ರತಿ ಶನಿವಾರ ಎಲ್ಲರೆದುರು ಓದುತ್ತಿದ್ದೆ. ಶಿಸ್ತು ಬರುವುದೇ ಹೀಗೆ ಎಂದು ನಂಬಿದ್ದೆ.

ಡಿಸೆಂಬರಿನ ಕೊನೆಯ ಶನಿವಾರ ಸರಿತಾ ದೀದಿಯ ಹೆಸರಿನ ಮುಂದೆ ಆ ತಿಂಗಳ ತಡದ ಇಪ್ಪತ್ತೆರಡು ಗೀಟುಗಳಿದ್ದವು. ಹೆಚ್ಚುಕಡಿಮೆ ದಿನವೂ ಏಳು ಐವತ್ತು. ಓದಿ ಮುಗಿಸಿದಾಗ ಅವರು, "ಮೇಡಂ, ಅದು ಏನಾಯ್ತು ಅಂದ್ರೆ..." ಎಂದು ಶುರುಮಾಡಿದರು.

"ಕಾರಣ ಬೇಡ ದೀದಿ. ಏಳೂವರೆ ಅಂದ್ರೆ ಏಳೂವರೆ," ಎಂದೆ.

ಉಳಿದಿಬ್ಬರು ನೆಲ ನೋಡುತ್ತಿದ್ದರು. ದೀದಿ "ಅಚ್ಛಾ" ಎಂದಷ್ಟೇ ಹೇಳಿ, ಏಪ್ರನ್ ಮಡಚಿ ಗ್ರೈಂಡರಿನ ಮೇಲಿಟ್ಟು ಹೊರಟರು. ಸೋಮವಾರ ಬೀಗದ ಕೈ ಪಕ್ಕದ ಅಂಗಡಿಯಲ್ಲಿತ್ತು. ಅವರು ಬರಲಿಲ್ಲ.

ನಾನೇ ರುಬ್ಬಿದೆ. ಹಿಟ್ಟು ಉಬ್ಬಲಿಲ್ಲ. ಕಂಬಳಿ ಹೊದಿಸಿದೆ, ಬಿಸಿನೀರಲ್ಲಿಟ್ಟೆ, ತುಮಕೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಒಂಬತ್ತು ದಿನದಲ್ಲಿ ನಲವತ್ತೊಂದು ಪ್ಯಾಕೆಟ್ ವಾಪಸಾದವು. ಆಮೇಲೆ ಆರ್ಡರೇ ಬರಲಿಲ್ಲ. ಪ್ಯಾಕಿಂಗ್‌ನವರು ಬೇರೆ ಕೆಲಸ ಹುಡುಕಿಕೊಂಡರು. ಮುಂದಿನ ಶನಿವಾರವೂ ಡೈರಿ ತೆರೆದೆ, ಕೇಳಲು ಯಾರೂ ಇರಲಿಲ್ಲ. ಕಲ್ಲಿನಂಥ ಇಡ್ಲಿಯನ್ನು ಒಬ್ಬಳೇ ಕೂತು ತಿಂದೆ.

ಮರುದಿನ ಮಧ್ಯಾಹ್ನ ಹಿಂದಿನ ಗಲ್ಲಿಯ ಢಾಬಾಕ್ಕೆ ರೊಟ್ಟಿ ತರಲು ಹೋದಾಗ ಅಲ್ಲಿನ ಅಂಕಲ್ ಕೇಳಿದರು: "ಬಿಟಿಯಾ, ನಿಮ್ಮ ಡಬ್ಬಗಳು ಈಗ ಬರೋದೇ ಇಲ್ವಲ್ಲ?"

ಚಳಿ ಶುರುವಾದಾಗಿನಿಂದ ದೀದಿ ಮನೆಗೆ ಹೋಗುವಾಗ ಹಿಟ್ಟಿನ ಡಬ್ಬಗಳನ್ನು ರಿಕ್ಷಾದಲ್ಲಿ ಅಲ್ಲಿಗೆ ತಂದು, ಗೋಣಿಚೀಲ ಸುತ್ತಿ, ತಂದೂರಿನ ಪಕ್ಕ ಇಡುತ್ತಿದ್ದರಂತೆ. ಕೆಂಡ ಆರಿದರೂ ತಂದೂರಿನ ಗೋಡೆ ಬೆಳಗಿನವರೆಗೆ ಬೆಚ್ಚಗಿರುತ್ತದೆ. ಢಾಬಾದ ಶಟರ್ ತೆರೆಯುವುದು ಏಳೂಮುಕ್ಕಾಲಿಗೆ. "ಪಾಪ, ಅದಕ್ಕೂ ಮೊದಲೇ ಬಂದು ಮಂಜಿನಲ್ಲಿ ನಿಂತಿರ್ತಿದ್ದಳು," ಎಂದರು.

ರೊಟ್ಟಿ ಮರೆತು, ವಿಳಾಸ ಕೇಳಿಕೊಂಡು ದೀದಿಯ ಮನೆಗೆ ಹೋದೆ. ಅವರು ಸಿಟ್ಟಾಗಲಿಲ್ಲ, ಚಹಾ ಕೊಟ್ಟರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ.

"ನೀವು ಕೇಳಿದ್ದು ಟೈಮ್ ಮಾತ್ರ ಮೇಡಂ," ಎಂದರು.

ತಪ್ಪಾಯಿತು, ವಾಪಸ್ ಬನ್ನಿ ಎಂದೆ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ ಎಂದರು. "ಅಲ್ಲೂ ಬೈತಾರೆ. ಆದ್ರೆ ಎಲ್ಲರ ಮುಂದೆ ಓದಿ ಹೇಳಲ್ಲ." ಬಾಗಿಲವರೆಗೆ ಬಂದು, "ಡಬ್ಬ ತಂದೂರಿಗೆ ತೀರಾ ಒತ್ತಿ ಇಡಬೇಡಿ, ಇಡ್ಲಿ ಅಲ್ಲೇ ಬೆಂದುಬಿಡುತ್ತೆ," ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಹಳೆಯ ಡೈರಿ ತಿರುವಿದರೆ ಆ ಇಪ್ಪತ್ತೆರಡು ಗೀಟುಗಳು ಹಾಗೇ ಇವೆ. ಆ ಇಪ್ಪತ್ತೆರಡು ದಿನವೂ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ.

ಈ ಚಳಿಗಾಲ ಒಬ್ಬಳೇ ಎರಡು ಡಬ್ಬ ರುಬ್ಬುತ್ತಿದ್ದೇನೆ. ಬೆಳಿಗ್ಗೆ ಮಂಜಿನಲ್ಲಿ ಶಟರಿನ ಮುಂದೆ ಕಾದು, ಡಬ್ಬ ತಂದು ಬೆರಳೊತ್ತುವಾಗ ಯಂತ್ರ ಏಳು ಐವತ್ತು ತೋರಿಸುತ್ತದೆ. ಯಾಕೆ ತಡ ಎಂದು ಕೇಳುವವರು ಯಾರೂ ಇಲ್ಲ.